ನಿಂತುಹೋದ ಸರ್ವರ್ ತನ್ನ ಕಾರಣವನ್ನು ಎಲ್ಲಿ ಉಳಿಸಿರುತ್ತದೆ?

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕಪತ್ರಕ್ಕೆ ಒಂದು ಲಿನಕ್ಸ್ ಸರ್ವರ್ ಇದೆ. ತಿಂಗಳಿಗೆ ಒಂದೆರಡು ಸಲ ಅದು ‘ಕರ್ನಲ್ ಪ್ಯಾನಿಕ್’ ಎಂದು ತೋರಿಸಿ ನಿಂತುಬಿಡುತ್ತದೆ. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ಆದರೆ ಲಾಗ್ ಕಡತದಲ್ಲಿ ಕಾರಣವೇ ಸಿಗುವುದಿಲ್ಲ. ಏನು ಮಾಡಬೇಕು?
— ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ಹುಡುಕುತ್ತಿರುವ ಕಾರಣ ಆ ಯಂತ್ರದ ರ‍್ಯಾಮ್‌ನಲ್ಲಿಯೇ ಇರುತ್ತದೆ, ಸ್ವಿಚ್ ಆರಿಸಿದಾಗ ಅದೂ ಅಳಿಸಿಹೋಗುತ್ತದೆ. ಲಾಗ್ ಕಡತಕ್ಕೆ ಬರೆಯಬೇಕಾದದ್ದು ಲಿನಕ್ಸಿನ ತಿರುಳಾದ ಕರ್ನಲ್‌ನ ಡಿಸ್ಕ್ ಚಾಲಕ ಮತ್ತು ಫೈಲ್ ಸಿಸ್ಟಂ. ಕರ್ನಲ್ಲೇ ಕುಸಿದ ಮೇಲೆ ಅವನ್ನು ನಂಬುವಂತಿಲ್ಲವಾದ್ದರಿಂದ ಕೊನೆಯ ಸಾಲುಗಳು ಡಿಸ್ಕ್ ತಲುಪುವುದೇ ಇಲ್ಲ. ಹಿಂದಿನ ಕಾಲದ ಕಾಂತೀಯ ಕೋರ್ ಮೆಮೊರಿ ವಿದ್ಯುತ್ ಹೋದರೂ ತನ್ನಲ್ಲಿದ್ದುದನ್ನು ಉಳಿಸಿಕೊಳ್ಳುತ್ತಿತ್ತು. ಕುಸಿದಾಗಿನ ಮೆಮೊರಿಯ ಪ್ರತಿಗೆ ‘ಕೋರ್ ಡಂಪ್’ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಇಂದಿನ ಡಿರ‍್ಯಾಮ್‌ಗೆ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮರುಪೂರಣ ಬೇಕು. ಆದರೆ ವಿದ್ಯುತ್ ಕಡಿಯದೆ ಯಂತ್ರವನ್ನು ಮರುಚಾಲನೆ ಮಾಡಿದರೆ ಅದರಲ್ಲಿದ್ದ ವಿಷಯ ಬಹುಮಟ್ಟಿಗೆ ಉಳಿದಿರುತ್ತದೆ. ನಿಮ್ಮ ಸಮಸ್ಯೆಯ ಪರಿಹಾರವೂ ಇದನ್ನೇ ಆಧರಿಸಿದೆ.

ಸುಲಭದ ದಾರಿ ರ‍್ಯಾಮ್‌ಊಪ್ಸ್. ಇದು ಕರ್ನಲ್ಲಿನದೇ ಒಂದು ಚಾಲಕ. ಬೂಟ್ ಸಾಲಿನಲ್ಲಿ (ಯಂತ್ರ ಏಳುವಾಗ ಕರ್ನಲ್ಲಿಗೆ ಕೊಡುವ ಸೂಚನೆಗಳಲ್ಲಿ) ಒಂದು ಮೆಗಾಬೈಟಿನಷ್ಟು ರ‍್ಯಾಮ್ ಕಾದಿರಿಸಿ ಅದರ ವಿಳಾಸ ಮತ್ತು ಅಳತೆಯನ್ನು ಈ ಚಾಲಕಕ್ಕೆ ತಿಳಿಸಿದರೆ, ಪ್ಯಾನಿಕ್ ಆದಾಗ ಕರ್ನಲ್ ತನ್ನ ಕೊನೆಯ ಸಂದೇಶಗಳನ್ನು ಡಿಸ್ಕಿನ ಗೊಡವೆಯಿಲ್ಲದೆ ಅಲ್ಲಿಯೇ ಬರೆದಿಡುತ್ತದೆ. ಮರುಚಾಲನೆಯ ನಂತರ ಅವು ಪಿಸ್ಟೋರ್ ಎಂಬ ಕೋಶದಲ್ಲಿ ಕಡತಗಳಾಗಿ ಕಾಣಿಸುತ್ತವೆ. ಅವನ್ನು ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆ ಅಳಿಸಿ ಜಾಗ ತೆರವು ಮಾಡಬೇಕು. ಇಲ್ಲಿ ಬಹಳ ಜನ ಮರೆಯುವ ಮಾತೊಂದಿದೆ. ‘ಕರ್ನಲ್.ಪ್ಯಾನಿಕ್’ ಎಂಬ ಸೆಟ್ಟಿಂಗಿನ ಮೌಲ್ಯ ಸಾಮಾನ್ಯವಾಗಿ 0 ಇರುವುದರಿಂದ ಯಂತ್ರ ನಿಂತಲ್ಲೇ ನಿಂತಿರುತ್ತದೆ, ಕೊನೆಗೆ ಯಾರಾದರೂ ಸ್ವಿಚ್ ಆರಿಸಿಯೇ ಬಿಡುತ್ತಾರೆ. ಅದನ್ನು 10 ಮಾಡಿದರೆ ಹತ್ತು ಸೆಕೆಂಡುಗಳಲ್ಲಿ ಯಂತ್ರ ತಾನೇ ಮರುಚಾಲನೆಗೊಳ್ಳುತ್ತದೆ.

ಆದರೆ ಸರ್ವರಿನಲ್ಲಿ ಇಸಿಸಿ (ತಪ್ಪು ತಿದ್ದಿಕೊಳ್ಳುವ) ರ‍್ಯಾಮ್ ಇದ್ದರೆ ಈ ದಾರಿ ಕೈಕೊಡಬಹುದು. ಅಂಥ ಅನೇಕ ಯಂತ್ರಗಳ ಫರ್ಮ್‌ವೇರ್ ಪ್ರತಿ ಮರುಚಾಲನೆಯಲ್ಲೂ ಮೆಮೊರಿಯನ್ನು ಹೊಸದಾಗಿ ತುಂಬಿಬಿಡುತ್ತದೆ. ಆದ್ದರಿಂದ ನಿಮ್ಮಂಥವರಿಗೆ ನಾನು ಸೂಚಿಸುವುದು ಕೆಡಂಪ್. 2005ರಲ್ಲಿ ಲಿನಕ್ಸ್ 2.6.13ರೊಂದಿಗೆ ಬಂದ ಈ ವ್ಯವಸ್ಥೆಯ ಕಲ್ಪನೆ ನನಗೆ ಇಂದಿಗೂ ಮೆಚ್ಚುಗೆಯದು. ‘ಕ್ರ್ಯಾಶ್‌ಕರ್ನಲ್’ ಸೂಚನೆಯ ಮೂಲಕ, ಉದಾಹರಣೆಗೆ, 256 ಮೆಗಾಬೈಟ್ ಕಾದಿರಿಸಿ ಅದರೊಳಗೆ ಎರಡನೆಯ ಕರ್ನಲ್ ಒಂದನ್ನು ಮೊದಲೇ ತುಂಬಿಡಲಾಗುತ್ತದೆ. ಮೊದಲನೆಯದು ಕುಸಿದೊಡನೆ ಫರ್ಮ್‌ವೇರ್ ದಾಟದೆ ನೇರವಾಗಿ ಎರಡನೆಯದು ಎದ್ದು, ತನ್ನ ಪಾಲಿನ ಜಾಗದಲ್ಲಷ್ಟೇ ಓಡುತ್ತ, ಹಳೆಯ ಮೆಮೊರಿಯನ್ನೆಲ್ಲ ‘ವಿಎಂಕೋರ್’ ಎಂಬ ಕಡತವಾಗಿ ತೋರಿಸುತ್ತದೆ. ಕುಸಿದ ಕರ್ನಲ್‌ನ ಕೈಯಿಂದಲೇ ಸ್ವಾಪ್ ವಿಭಾಗಕ್ಕೆ ಬರೆಸುತ್ತಿದ್ದ ಹಳೆಯ ಯುನಿಕ್ಸ್ ಪದ್ಧತಿಗಿಂತ ಇದು ಎಷ್ಟೋ ಸುರಕ್ಷಿತ, ಏಕೆಂದರೆ ಇಲ್ಲಿ ಬರೆಯುವ ಕರ್ನಲ್ ಆರೋಗ್ಯವಾಗಿರುತ್ತದೆ.

16 ಗಿಗಾಬೈಟ್ ರ‍್ಯಾಮಿನ ಪೂರ್ಣ ಪ್ರತಿಗೆ ಅಷ್ಟೇ ಡಿಸ್ಕ್ ಜಾಗ ಬೇಕು. ‘ಮೇಕ್‌ಡಂಪ್‌ಫೈಲ್’ ಖಾಲಿ ಪುಟ, ಕ್ಯಾಶ್ ಹಾಗೂ ಬಳಕೆದಾರರ ಪುಟಗಳನ್ನು ಬಿಟ್ಟು ಅದನ್ನು ಬಹಳ ಕುಗ್ಗಿಸುತ್ತದೆ. ಅದನ್ನು ‘ಕ್ರ್ಯಾಶ್’ ಎಂಬ ಉಪಕರಣದಲ್ಲಿ, ಅದೇ ಕರ್ನಲ್‌ನ ಡೀಬಗ್ ಮಾಹಿತಿಯೊಡನೆ ತೆರೆದರೆ ಯಾವ ಫಂಕ್ಷನ್‌ನಲ್ಲಿ ಕುಸಿತವಾಯಿತೆಂಬುದು ತಿಳಿಯುತ್ತದೆ. ಆದರೆ ರ‍್ಯಾಮಿನ ಪ್ರತಿಯಲ್ಲಿ ಪಾಸ್‌ವರ್ಡ್‌ಗಳೂ ಸದಸ್ಯರ ಖಾತೆ ವಿವರಗಳೂ ಇರಬಹುದು. ಪೂರ್ಣ ಪ್ರತಿಯನ್ನು ಯಾರಿಗೂ ಕಳುಹಿಸಬೇಡಿ.

ನಮ್ಮ ಕಡೆ ಕರೆಂಟು ಹೋಗುವುದು ಹೊಸತೇನಲ್ಲವಾದ್ದರಿಂದ, ಮೆಮೊರಿಯ ಪ್ರತಿಯನ್ನು ಡಿಸ್ಕಿಗೆ ಪೂರ್ತಿ ಬರೆಯುವವರೆಗೆ ತಾಳುವಷ್ಟು ಯುಪಿಎಸ್ ಇರಲಿ. ಎಲ್ಲ ಸಿದ್ಧವಾದ ಮೇಲೆ, ಬ್ಯಾಕಪ್ ತೆಗೆದುಕೊಂಡು, ಸಂಘದ ರಜೆಯ ದಿನ ಸಿಸ್‌ಆರ್‌ಕ್ಯೂ ಎಂಬ, ಕರ್ನಲ್ಲಿಗೆ ನೇರ ಆಜ್ಞೆ ಕೊಡುವ ಸೌಲಭ್ಯದಿಂದ ಬೇಕೆಂದೇ ಒಂದು ಪ್ಯಾನಿಕ್ ಮಾಡಿಸಿ, ವಿಎಂಕೋರ್ ಉಳಿದಿದೆಯೇ ಎಂದು ನೋಡಿಕೊಳ್ಳಿ. ಉಳಿದಿರದಿದ್ದರೆ ಕಾದಿರಿಸಿದ ಜಾಗವನ್ನು ಇನ್ನಷ್ಟು ಹೆಚ್ಚಿಸಿ ಮತ್ತೊಮ್ಮೆ ಪರೀಕ್ಷಿಸಿ.