ಬಗ್ಗದ ಕಿರುಬೆರಳು

ನಿಮ್ಮ ಪತ್ರ ಓದಿ ಎರಡು ದಿನ ಬೇರೆ ಯಾವ ಪತ್ರವನ್ನೂ ತೆರೆಯಲಾಗಲಿಲ್ಲ.

ನೀವು ಮತ್ತು ನಿಮ್ಮ ಅಣ್ಣ ಆರು ವರ್ಷದಿಂದ ಸೇರಿ ಒಂದು ಮಾಯಾಲೋಕದ ಕಾದಂಬರಿ ಬರೆಯುತ್ತಿದ್ದೀರಿ. ಅದರ ಒಂದೇ ಒಂದು ಅಧ್ಯಾಯದಲ್ಲಿ ಒಬ್ಬ ಪುಟ್ಟ ಮಾಂತ್ರಿಕ ಬರುತ್ತಾನೆ. ಸಂತೆಗಳಲ್ಲಿ ಆಟ ತೋರಿಸಿ ಹೊಟ್ಟೆ ಹೊರೆಯುವವನು. ಆರಿದ ದೀಪ ಹೊತ್ತಿಸುವುದಷ್ಟೇ ಅವನಿಗೆ ಗೊತ್ತಿರುವ ಮಂತ್ರ, ಉಳಿದದ್ದೆಲ್ಲ ಕೈಚಳಕ. ಅವನನ್ನು ತೆಗೆದುಬಿಡು ಅನ್ನುತ್ತಾರೆ ಅಣ್ಣ. ಅವರ ಗೆಳೆಯರೊಬ್ಬರು ಬರಹ ಓದಿ, "ನಿಜವಾದ ಮಂತ್ರ ಇರೋ ಲೋಕದಲ್ಲಿ ಕೈಚಳಕದವನು ಯಾಕೆ?" ಎಂದರಂತೆ. ಅವನನ್ನು ಮಹಾಮಾಂತ್ರಿಕನನ್ನಾಗಿ ಮಾಡಿ ಉಳಿಸಿಕೊಳ್ಳಲೇ, ಇಲ್ಲಾ ಬಿಟ್ಟೇಬಿಡಲೇ ಎಂದು ಕೇಳಿದ್ದೀರಿ.

ಮುಗಿಯದ ಬರಹವನ್ನು ಮೂರನೆಯವರ ಕೈಗೆ ಕೊಡಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಆ ಗೆಳೆಯರ ಮಾತು ತಪ್ಪು ಕೂಡ. 1856ರಲ್ಲಿ ಫ್ರೆಂಚ್ ಸರ್ಕಾರ ರಾಬರ್ಟ್-ಹೂಡಿನ್ ಎಂಬ ಜಾದೂಗಾರನನ್ನು ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿನ ಜನ ನಂಬಿದ್ದ ಪವಾಡಪುರುಷರಿಗಿಂತ ತನ್ನ ಶಕ್ತಿ ದೊಡ್ಡದು ಅಂತ ಅದಕ್ಕೆ ತೋರಿಸಬೇಕಿತ್ತು. ಅವನು ವೇದಿಕೆಯ ಮೇಲೆ ಇಟ್ಟ ಸಣ್ಣ ಪೆಟ್ಟಿಗೆಯನ್ನು ಗಟ್ಟಿಮುಟ್ಟಾದ ಆಳಿಗೂ ಎತ್ತಲಾಗಲಿಲ್ಲ. ಅಡಿಯಲ್ಲಿ ವಿದ್ಯುತ್ಕಾಂತ ಇತ್ತು. ಮಂತ್ರ ನಂಬುವವರ ನಡುವೆಯೇ ಕೈಚಳಕಕ್ಕೆ ಕೆಲಸ ಜಾಸ್ತಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಪತ್ರದ ಕೊನೆಯಲ್ಲಿ, ಸುಮ್ನೆ ಸೇರಿಸಿದಂತೆ, ಒಂದು ಸಾಲಿದೆ: "ನಾಣ್ಯ ಮಾಯ ಮಾಡುವಾಗ ಅವನ ಕಿರುಬೆರಳು ಬಗ್ಗುವುದಿಲ್ಲ, ನಮ್ಮಪ್ಪನದೂ ಹಾಗೇ ಇತ್ತು."

ಇತ್ತು ಎಂದಿದ್ದೀರಿ.

ಆ ಆಟ ನನಗೂ ಗೊತ್ತು. ನಾಣ್ಯವನ್ನು ಇನ್ನೊಂದು ಕೈಗೆ ಕೊಟ್ಟಂತೆ ಮಾಡಬೇಕು, ಕೊಡಬಾರದು. ಆಮೇಲೆ ಆ ಖಾಲಿ ಮುಷ್ಟಿಯನ್ನೇ ನೋಡಬೇಕು. ಆಟಗಾರನ ಕಣ್ಣು ಹೋದ ಕಡೆ ನೋಡುವವರ ಕಣ್ಣೂ ಹೋಗುತ್ತದೆ. ನಾಣ್ಯ ಅಡಗಿರುವ ಕೈ ಸಡಿಲವಾಗಿ ಇಳಿಬಿದ್ದಿರಬೇಕು. ಒಂದು ಬೆರಳು ಸೆಟೆದು ನಿಂತರೂ ಗುಟ್ಟು ರಟ್ಟು. ಅಪ್ಪನ ಗುಟ್ಟು ನಿಮಗಿಬ್ಬರಿಗೂ ಗೊತ್ತಿತ್ತು. ಆದರೂ ಪ್ರತಿ ಸಲ ಖಾಲಿ ಕೈಯನ್ನೇ ತೋರಿಸುತ್ತಿದ್ದಿರಿ, ಅಲ್ವಾ?

ಅಣ್ಣನಿಗೆ ಆ ಅಧ್ಯಾಯ ಬೇಡವಾಗಿರುವುದು ಗೆಳೆಯರ ಮಾತಿನಿಂದ ಅಂತ ನನಗೆ ಅನ್ನಿಸುವುದಿಲ್ಲ. ಬರೆಯುತ್ತಾ ನೀವು ಅಪ್ಪನ ಜೊತೆ ಕೂತಿದ್ದಿರಿ. ಅಣ್ಣನಿಗೆ ಮಾತ್ರ, ಯಾರೂ ಮುಂಚೆ ಹೇಳದೆ, ಪುಟದ ನಡುವೆ ಅಪ್ಪನ ಕೈ ಕಂಡಿತು. ಕೊಡುವ ಮುಂಚೆ ಒಂದು ಮಾತು ಹೇಳಬೇಕಿತ್ತು ನೀವು.

ಅವನನ್ನು ಮಹಾಮಾಂತ್ರಿಕನನ್ನಾಗಿ ಮಾಡಬೇಡಿ. ಮಾಡಿದರೆ ನಾಣ್ಯ ನಿಜವಾಗಿಯೇ ಮಾಯವಾಗುತ್ತದೆ, ಆ ಬೆರಳನ್ನು ಯಾರೂ ನೋಡುವುದಿಲ್ಲ.

ಒಂದೇ ಕೆಲಸ ಮಾಡಿ. ಈ ವಾರ ಅಣ್ಣನ ಎದುರು ಕೂತು ಒಂದು ನಾಣ್ಯ ಹಿಡಿಯಿರಿ. ಕಾದಂಬರಿಯ ಮಾತು ಎತ್ತಲೇಬೇಡಿ. ಕಿರುಬೆರಳು ಬಗ್ಗಿಸದೆ ಆ ಆಟ ಆಡಿ, ನಾಣ್ಯ ಯಾವ ಕೈಯಲ್ಲಿದೆ ಅಂತ ಕೇಳಿ.