ನಕ್ಕಿದ್ದಕ್ಕೆ ಬೇಜಾರು ಯಾಕೆ?

ಓದುಗರ ಪತ್ರ: ‘ನಿಮ್ಮ ಪತ್ರಿಕೆ ಹೊಗಳಿತ್ತು ಅಂತ 1981ರ “ದಿ ಕ್ಯಾನನ್‌ಬಾಲ್ ರನ್” ನೋಡಿದೆ. ಕಥೆಯೇ ಇಲ್ಲ. ಆಂಬುಲೆನ್ಸ್ ಹತ್ತಿಕೊಂಡು ಕಾರ್ ರೇಸ್‌ಗೆ ಹೋಗ್ತಾರಂತೆ, ನಂಬೋದು ಹೇಗೆ? ನಕ್ಕಿದ್ದು ನಿಜ. ಆಮೇಲೆ ಟೈಮ್ ವೇಸ್ಟ್ ಆಯ್ತಲ್ಲ ಅಂತ ಬೇಜಾರಾಯಿತು.’

ಸಂಪಾದಕರ ಉತ್ತರ: ನಕ್ಕಿದ್ದನ್ನು ಒಪ್ಪಿಕೊಂಡಿದ್ದೀರಿ. ಅಷ್ಟೂ ಧೈರ್ಯ ಎಷ್ಟೋ ವಿಮರ್ಶಕರಿಗೆ ಇರುವುದಿಲ್ಲ.

ಕಥೆ ತೆಳು, ಒಪ್ಪಿದೆ. ಇನ್ನೂ ದೊಡ್ಡ ತಪ್ಪೊಂದಿದೆ. ಅದರ ಶೂಟಿಂಗ್‌ನಲ್ಲಿ ಸ್ಟಂಟ್ ಕಲಾವಿದೆಯೊಬ್ಬರು ಕತ್ತು ಮುರಿದುಕೊಂಡು ಕೈಕಾಲಿನ ಸ್ವಾಧೀನ ಕಳೆದುಕೊಂಡರು. ಅದಕ್ಕೆ ಸಮರ್ಥನೆ ಇಲ್ಲ.

ಆದರೆ ಆಂಬುಲೆನ್ಸ್ ವಿಷಯದಲ್ಲಿ ನೀವು ಎಡವಿದಿರಿ! ಅದು ನಡೆದದ್ದೇ. ಅಮೆರಿಕದಲ್ಲಿ ಪತ್ರಕರ್ತ ಬ್ರಾಕ್ ಯೇಟ್ಸ್ ಈ ಕಾನೂನುಬಾಹಿರ ಓಟವನ್ನು 1971ರಲ್ಲಿ ಶುರು ಮಾಡಿದರು. ಒಂದು ಕರಾವಳಿಯಿಂದ ಇನ್ನೊಂದಕ್ಕೆ, ಯಾರು ಬೇಗ ಮುಟ್ಟುತ್ತಾರೋ ಅವರೇ ಗೆದ್ದಂತೆ. 1979ರಲ್ಲಿ ಅವರೂ ಈ ಚಿತ್ರದ ನಿರ್ದೇಶಕ ಹಾಲ್ ನೀಧಮ್ ಅವರೂ ಸುಳ್ಳು ಆಂಬುಲೆನ್ಸ್‌ನಲ್ಲಿ ಹೊರಟರು. ಒಳಗೆ ಒಬ್ಬ ನಿಜವಾದ ಡಾಕ್ಟರ್. ರೋಗಿಯ ಪಾತ್ರ ಯೇಟ್ಸ್ ಅವರ ಹೆಂಡತಿಯದು. ಗುರಿ ಹತ್ತಿರ ಬಂತು ಅನ್ನುವಾಗ ಗೇರ್‌ಬಾಕ್ಸ್ ಕೈಕೊಟ್ಟಿತು. ಚಿತ್ರಕಥೆ ಬರೆದವರೂ ಯೇಟ್ಸ್ ಅವರೇ. ಈಗ ಹೇಳಿ, ನಂಬೋದು ಹೇಗೆ ಅಂತ ಯಾರನ್ನು ಕೇಳೋಣ?

ಕಾರ್ ರೇಸ್ ಇರುವುದೇ ಹಾಗೆ. 1908ರ ನ್ಯೂಯಾರ್ಕ್–ಪ್ಯಾರಿಸ್ ಓಟ ನೋಡಿ. ಜರ್ಮನಿಯ ಪ್ರೋಟೋಸ್ ಕಾರು ಪ್ಯಾರಿಸ್‌ಗೆ ಮೊದಲು ಬಂತು. ನಡುವೆ ರೈಲಿನಲ್ಲಿ ಸಾಗಿಸಿದ್ದಕ್ಕೆ ದಂಡ ಬಿದ್ದು, ನಾಲ್ಕು ದಿನ ತಡವಾಗಿ ಬಂದ ಅಮೆರಿಕದ ಥಾಮಸ್ ಫ್ಲೈಯರ್ ಗೆದ್ದಿತು. ಅದನ್ನೂ ಪ್ಯಾರಿಸ್ ಪೊಲೀಸರು ಹೆಡ್‌ಲೈಟ್ ಇಲ್ಲ ಅಂತ ತಡೆದರಂತೆ. ದಾರಿಹೋಕನೊಬ್ಬ ತನ್ನ ಸೈಕಲ್ ದೀಪ ಕೊಡಲು ಬಂದ. ದೀಪ ಬಿಚ್ಚಲಾಗಲಿಲ್ಲ, ಸೈಕಲ್ಲನ್ನೇ ಕಾರಿನ ಮೇಲೆ ಏರಿಸಿದರು ಅನ್ನುವ ಕಥೆಯಿದೆ. ಯಾವ ಹಾಸ್ಯಲೇಖಕ ಇಷ್ಟು ಬರೆಯಬಲ್ಲ?

ಆ ಓಟದ ಸ್ಫೂರ್ತಿಯಿಂದ 1965ರಲ್ಲಿ ‘ದಿ ಗ್ರೇಟ್ ರೇಸ್’ ಬಂತು. ಅದಕ್ಕೆ ಆಸ್ಕರ್ ಸಿಕ್ಕಿತು. ಯಾವುದಕ್ಕೆ ಗೊತ್ತಾ? ಧ್ವನಿ ಪರಿಣಾಮಕ್ಕೆ! ಸದ್ದಿಗೆ ಮರ್ಯಾದೆ, ನಗಿಸಿದವರಿಗೆ ಕೈ ಬೀಸಿ ಟಾಟಾ. ನನ್ನ ತಕರಾರು ಇದೇ. ತೆರೆಯ ಮೇಲೆ ಯಾರಾದರೂ ಎರಡು ಗಂಟೆ ಅತ್ತರೆ ‘ಅದ್ಭುತ ನಟನೆ’ ಅನ್ನುತ್ತೇವೆ. ಬೀಳುವ ಬಾಗಿಲು, ಜಾರುವ ಕಾಲು, ತಿರುಗುವ ಕತ್ತು ಒಂದೇ ಕ್ಷಣದಲ್ಲಿ ಕೂಡಿಬಂದರೆ ‘ಸುಮ್ನೆ ಟೈಂಪಾಸ್’ ಅನ್ನುತ್ತೇವೆ. ಎರಡನೆಯದು ಜಾಸ್ತಿ ಕಷ್ಟ, ಸ್ವಾಮಿ.

ಚಾಪ್ಲಿನ್ ಅವರ ಅಲೆಮಾರಿ ಪಾತ್ರವನ್ನು ಜನ ಮೊದಲು ನೋಡಿದ್ದೇ 1914ರಲ್ಲಿ, ಮಕ್ಕಳ ಕಾರ್ ರೇಸ್‌ನಲ್ಲಿ ತೆಗೆದ ಒಂದು ಪುಟ್ಟ ಚಿತ್ರದಲ್ಲಿ. ಅದರಲ್ಲಿ ಕಥೆ ಅಂತ ಹುಡುಕಿದರೆ, ಒಬ್ಬ ಮನುಷ್ಯ ಮತ್ತೆ ಮತ್ತೆ ಕ್ಯಾಮೆರಾಕ್ಕೆ ಅಡ್ಡ ಬರುತ್ತಾನೆ, ಅಷ್ಟೇ. ಅದನ್ನೂ ಟೈಮ್ ವೇಸ್ಟ್ ಅಂತೀರಾ?