ಯಂತ್ರದ ಸಾಕ್ಷಿ, ಹೆಂಡತಿಯ ನೆನಪು: ಸಂಪಾದಕರ ಉತ್ತರ

ಮಾನ್ಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಮುಗಿದ ಧಾರಾವಾಹಿ ಥ್ರಿಲ್ಲರ್ ಕುರಿತು ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಕಥೆಯನ್ನು ಓದದವರಿಗಾಗಿ ಅದರ ಎಳೆಯನ್ನು ಹೇಳಿಬಿಡುತ್ತೇನೆ. ಹನ್ನೊಂದು ವರ್ಷ ಸಂಸಾರ ಮಾಡಿದ ದಂಪತಿಗಳ ಮನೆಯಲ್ಲಿ ಮಾತುಕತೆಯನ್ನೆಲ್ಲ ದಾಖಲಿಸುವ ಒಂದು ಯಂತ್ರವಿದೆ. ಒಂದು ರಾತ್ರಿ ಗಂಡ ತನ್ನನ್ನು ಬೆದರಿಸಿದನೆಂಬುದು ಹೆಂಡತಿಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಆ ರಾತ್ರಿಯ ಧ್ವನಿಮುದ್ರಣದಲ್ಲಿ ಇಬ್ಬರೂ ಶಾಂತವಾಗಿ ಮಾತನಾಡುತ್ತಿದ್ದಾರೆ. ಕೊನೆಗೆ ಆಕೆ ತನ್ನನ್ನು ಬಿಟ್ಟು ಯಂತ್ರವನ್ನು ನಂಬುತ್ತಾಳೆ. ಓದುಬರಹ ಬಲ್ಲ, ಬುದ್ಧಿವಂತ ಹೆಣ್ಣೊಬ್ಬಳು ಹೀಗೆ ಶರಣಾಗುವುದು ನಂಬಲಾಗದ ಮಾತೆಂದೂ, ಮುದ್ರಣವನ್ನು ತಿದ್ದಲಾಗಿತ್ತೇ ಎಂಬುದನ್ನು ಹೇಳದೆ ಮುಗಿಸಿದ್ದು ಓದುಗರಿಗೆ ಮಾಡಿದ ಮೋಸವೆಂದೂ, ಗಂಡಹೆಂಡಿರ ನಡುವಿನ ಹಳೆಯ ಕ್ರೌರ್ಯಕ್ಕೆ ಯಂತ್ರದ ಹೊಸ ವೇಷ ತೊಡಿಸಲಾಗಿದೆಯೆಂದೂ ತಾವು ಆಕ್ಷೇಪಿಸಿದ್ದೀರಿ.

ಮೊದಲನೆಯ ಆಕ್ಷೇಪವನ್ನು ನಾನು ಒಪ್ಪಲಾರೆ. ನೆನಪು ಕಪಾಟಿನಲ್ಲಿಟ್ಟ ಕಡತವಲ್ಲ. ತೆಗೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವ ವಸ್ತು. 1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರು 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರವೊಂದನ್ನು ತೋರಿಸಿ, ಕಾರುಗಳ ವೇಗದ ಬಗ್ಗೆ 50 ಜನರನ್ನು 'ಜಜ್ಜಿಕೊಂಡಾಗ' ಎಂಬರ್ಥದ ಪದ ಬಳಸಿಯೂ ಇನ್ನು 50 ಜನರನ್ನು 'ತಾಗಿದಾಗ' ಎಂಬರ್ಥದ ಪದ ಬಳಸಿಯೂ ಕೇಳಿದರು. ಉಳಿದ 50 ಜನರನ್ನು ವೇಗದ ಬಗ್ಗೆ ಕೇಳಲೇ ಇಲ್ಲ. ವಾರದ ನಂತರ, ಒಡೆದ ಗಾಜನ್ನು ನೋಡಿದಿರಾ ಎಂದು ಕೇಳಿದಾಗ ಮೊದಲ ಗುಂಪಿನಲ್ಲಿ 16 ಮಂದಿ, ಎರಡನೆಯದರಲ್ಲಿ 7 ಮಂದಿ, ಮೂರನೆಯದರಲ್ಲಿ 6 ಮಂದಿ ಹೌದೆಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಒಂದು ಕ್ರಿಯಾಪದಕ್ಕೇ ಇಷ್ಟು ಬಲವಿದ್ದರೆ ಛಾಯಾಚಿತ್ರಕ್ಕೆ ಎಷ್ಟಿರಬೇಡ? 2002ರಲ್ಲಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು, ಬಿಸಿಗಾಳಿ ಬಲೂನಿನಲ್ಲಿ ಎಂದೂ ಹಾರದ 20 ವಯಸ್ಕರ ಬಾಲ್ಯದ ಚಿತ್ರಗಳ ನಡುವೆ ಅಂಥ ಹಾರಾಟದ ಒಂದು ಕೃತಕ ಚಿತ್ರವನ್ನು ಸೇರಿಸಿದ್ದರು. ಮೂರು ಸಂದರ್ಶನಗಳು ಮುಗಿಯುವ ಹೊತ್ತಿಗೆ ಅವರಲ್ಲಿ ಅರ್ಧದಷ್ಟು ಮಂದಿ ನಡೆಯದ ಆ ಹಾರಾಟವನ್ನು ಪೂರ್ತಿಯಾಗಿಯೋ ಭಾಗಶಃವೋ ನೆನಪಿಸಿಕೊಂಡರು. ಅವರಾರೂ ದಡ್ಡರಲ್ಲ. ನಮ್ಮ ಕಥಾನಾಯಕಿ ಆ ಮುದ್ರಣವನ್ನು ಕೇಳುವುದಾದರೋ ಮೂರು ಸಲವಲ್ಲ, ನಲವತ್ತು ರಾತ್ರಿ.

ಇನ್ನು ಮೂರನೆಯ ಆಕ್ಷೇಪ. 'ಗ್ಯಾಸ್‌ಲೈಟಿಂಗ್' ಎಂಬ ಪದವನ್ನು, ಎಂದರೆ ಒಬ್ಬರು ತಮ್ಮ ನೆನಪನ್ನೇ ಶಂಕಿಸುವಂತೆ ಮಾಡುವ ಕ್ರೌರ್ಯದ ಹೆಸರನ್ನು, ತಾವೇ ಬಳಸಿರುವುದರಿಂದ ಅದರ ಮೂಲಕ್ಕೇ ಹೋಗೋಣ. ಅದು ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ 1938ರ 'ಗ್ಯಾಸ್ ಲೈಟ್' ನಾಟಕದಿಂದ ಬಂದದ್ದು. ಹೆಂಡತಿಯನ್ನು ಹೆದರಿಸಲೆಂದೇ ಗಂಡ ದೀಪವನ್ನು ಕುಗ್ಗಿಸುತ್ತಿದ್ದನೆಂದು ಹಲವರು ತಿಳಿದಿದ್ದಾರೆ, ನಾಟಕದಲ್ಲಿ ಹಾಗಿಲ್ಲ. ಆತ ಹೊರಗೆ ಹೋದಂತೆ ನಟಿಸಿ, ಮುಚ್ಚಿದ ಮೇಲಂತಸ್ತಿಗೆ ಗುಟ್ಟಾಗಿ ಹತ್ತಿ, ಅಲ್ಲಿ ಅನಿಲದೀಪ ಹಚ್ಚಿ ಹುಡುಕಾಟ ನಡೆಸುತ್ತಾನೆ. ಮೇಲೆ ಅನಿಲ ಉರಿದಾಗ ಕೆಳಗೆ ಒತ್ತಡ ಇಳಿದು ಹೆಂಡತಿಯ ಕೋಣೆಯ ದೀಪ ಮಂಕಾಗುತ್ತದೆ. ಎಂದರೆ ಅವಳ ವಸ್ತುಗಳನ್ನು ಅಡಗಿಸಿಟ್ಟು ನಿನಗೆ ಮರೆವು ಎಂದು ನಂಬಿಸುವವನು ಗಂಡ. ಅವನ ಅರಿವಿಗೇ ಬಾರದೆ ಅವಳ ಪರ ಸಾಕ್ಷಿ ನುಡಿಯುವುದು ಅಂದಿನ ಮನೆಯ ತಂತ್ರಜ್ಞಾನ. ನಮ್ಮ ಲೇಖಕಿ ಈ ಏರ್ಪಾಡನ್ನೇ ತಿರುವಿಹಾಕಿದ್ದಾರೆ: ಇಲ್ಲಿ ಗಂಡ ಒಂದು ಸುಳ್ಳನ್ನೂ ಆಡಬೇಕಾಗಿಲ್ಲ, 'ಬೇಕಾದರೆ ಕೇಳಿ ನೋಡು' ಎಂದರೆ ಸಾಕು. ಇದನ್ನು ಬರಿಯ ವೇಷವೆಂದು ನನಗೆ ಅನ್ನಿಸುವುದಿಲ್ಲ.

ಇದಕ್ಕೆ ದಾಂಪತ್ಯವೇ ಏಕೆ ಬೇಕಿತ್ತು, ಇಬ್ಬರು ಸಹೋದ್ಯೋಗಿಗಳ ಕಥೆಯಾಗಿದ್ದರೂ ನಡೆಯುತ್ತಿರಲಿಲ್ಲವೇ ಎಂದೂ ಕೇಳಿದ್ದೀರಿ. ನಡೆಯುತ್ತಿರಲಿಲ್ಲ. ಬಹುಕಾಲ ಜೊತೆಗಿದ್ದವರು ನೆನಪನ್ನು ಹಂಚಿಕೊಂಡು ಇಟ್ಟುಕೊಳ್ಳುತ್ತಾರೆ. ದಿನಾಂಕಗಳು ಒಬ್ಬರ ಪಾಲಿಗೆ, ದಾರಿಗಳು ಇನ್ನೊಬ್ಬರ ಪಾಲಿಗೆ ಎಂಬಂತೆ. ಇದನ್ನು ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಅವರು 1980ರ ದಶಕದಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ಅವರ ತಂಡ 1991ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪರಸ್ಪರ ಒಡನಾಟವಿದ್ದ ಜೋಡಿಗಳು ಅಪರಿಚಿತರ ಜೋಡಿಗಳಿಗಿಂತ ಹೆಚ್ಚು ಸಂಗತಿಗಳನ್ನು ನೆನಪಿಟ್ಟುಕೊಂಡವು. ಆದರೆ ಯಾರು ಏನನ್ನು ನೆನಪಿಡಬೇಕೆಂದು ಹೊರಗಿನವರು ಹಂಚಿಕೊಟ್ಟಾಗ ಅದೇ ಒಡನಾಡಿಗಳು ಅಪರಿಚಿತರಿಗಿಂತ ಹಿಂದೆ ಬಿದ್ದರು. ಅವರವರೇ ರೂಢಿಸಿಕೊಂಡ ಹಂಚಿಕೆಯನ್ನು ಹೊರಗಿನ ಹಂಚಿಕೆ ಕೆಡಿಸಿತ್ತು. ಕಥೆಯ ಐದನೆಯ ಕಂತನ್ನು ಇದರ ಪಕ್ಕದಲ್ಲಿಟ್ಟು ಓದಿ. ಯಂತ್ರ ಮನೆಗೆ ಬಂದ ಮೇಲೆ ಇಬ್ಬರೂ 'ನಿನಗೆ ನೆನಪಿದೆಯಾ' ಎಂದು ಒಬ್ಬರನ್ನೊಬ್ಬರು ಕೇಳುವುದನ್ನೇ ಬಿಟ್ಟಿರುತ್ತಾರೆ. ಆಕೆಯ ಅರ್ಧ ನೆನಪು ಇದ್ದದ್ದು ಗಂಡನಲ್ಲಿ. ಬೆದರಿಕೆಯ ರಾತ್ರಿಯ ವಿಷಯದಲ್ಲಿ ಆಕೆ ವಿಚಾರಿಸಲಾಗದ ಏಕೈಕ ಮನುಷ್ಯನೂ ಅವನೇ. ಕಥೆಯ ನಿಜವಾದ ಭಯ ಇರುವುದು ಅಲ್ಲಿ ಎಂದು ನನ್ನ ಎಣಿಕೆ. ಪತ್ತೇದಾರನಂತೆ ಬರುವ ತಂತ್ರಜ್ಞನ ಪಾತ್ರ ನನಗೂ ಅನಗತ್ಯವೆನಿಸಿತ್ತು, ಆ ಮಾತು ಬೇರೆ.

ಒಂದು ಕಡೆ ತಾವು ಹೇಳಿದ್ದು ಪೂರ್ತಿ ಸರಿ, ಅದು ನನ್ನದೇ ತಪ್ಪು. ಇಂಥ ಯಂತ್ರಗಳ ದಾಖಲೆ ಮನೆಯಲ್ಲಷ್ಟೇ ಇರುವುದಿಲ್ಲ, ತಯಾರಕರ ಸರ್ವರಿನಲ್ಲೂ ಪ್ರತಿ ಇರುವುದುಂಟು. ಮನೆಯ ಪ್ರತಿಯನ್ನು ತಿದ್ದಿದ ಮಾತ್ರಕ್ಕೆ ಎಲ್ಲ ಅಳಿಯಬೇಕೆಂದಿಲ್ಲ. ಇದು ಕಥಾನಾಯಕಿಗೆ ಹೊಳೆಯದಿರಬಹುದು, ಆದರೆ ತಂತ್ರಜ್ಞನಿಗೂ ಹೊಳೆಯದಿರುವುದು ವಿಚಿತ್ರ. ಹಸ್ತಪ್ರತಿ ಓದುವಾಗ ನಾನು ಇದನ್ನು ಕೇಳಬೇಕಿತ್ತು. ಪುಸ್ತಕವಾಗುವಾಗ ಆ ಅಧ್ಯಾಯವನ್ನು ತಿದ್ದುವುದಾಗಿ ಲೇಖಕಿ ತಿಳಿಸಿದ್ದಾರೆ.

ಉಳಿದದ್ದು ಮುಕ್ತಾಯ. ಸುಳಿವುಗಳನ್ನು ಬಚ್ಚಿಡುವುದು ಮೋಸ. ಸುಳಿವುಗಳನ್ನೆಲ್ಲ ಕೊಟ್ಟು ತೀರ್ಪನ್ನಷ್ಟೇ ಬಿಡುವುದು ಮೋಸವಲ್ಲ. ನನಗನ್ನಿಸುವಂತೆ ಸುಳಿವುಗಳು ಅಲ್ಲಿವೆ. ನಾನು ಯಾರನ್ನು ನಂಬಿದೆನೆಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಮೊದಲ ಓದಿನಲ್ಲಿ ಆಕೆಯನ್ನೇ ನಂಬಿದ್ದೆ. ಕರಡು ತಿದ್ದುವಾಗ, ಗಂಡ ಎರಡನೆಯ ಕಂತಿನಲ್ಲಿ ಆಡಿದ್ದ ಒಂದು ವಾಕ್ಯವನ್ನು ಆಕೆ ಒಂಬತ್ತನೆಯ ಕಂತಿನಲ್ಲಿ ಉದ್ಧರಿಸುವುದು ಕಣ್ಣಿಗೆ ಬಿತ್ತು: 'ನಾನು ಹೋಗುತ್ತೇನೆ' ಎಂದಿದ್ದುದು 'ನೀನು ಹೋಗುತ್ತೀಯ' ಎಂದಾಗಿತ್ತು. ಅಚ್ಚಿನ ದೋಷವೆಂದು ಅಂಚಿನಲ್ಲಿ ಗುರುತು ಹಾಕಿ ಕಳುಹಿಸಿದೆ. ಹಾಗೆಯೇ ಇರಲಿ ಎಂದು ಲೇಖಕಿ ಬರೆದು ಹಿಂದಿರುಗಿಸಿದರು.

ತಮ್ಮ ವಿಶ್ವಾಸಿ,
ಸಂಪಾದಕ